ಗೋಧಿ ಬಣ್ಣ ಅನ್ನಬೇಡಿ

ಹುಬ್ಬಳ್ಳಿ, ಎರಡನೇ ವೈಶಾಖದ ಮೂವತ್ತೆರಡನೇ ದಿನ, ಇಸವಿ 2214

ಪೂಜ್ಯ ಸುವರ್ಣಜ್ಜಿಯವರಿಗೆ, ನಿಮ್ಮ ಮಗ ಕುಮಾರಸ್ವಾಮಿಯ ವಂಶದಲ್ಲಿ ಆರನೇ ತಲೆಯವಳಾದ ಮುಗಿಲವ್ವ ಮಾಡುವ ನಮಸ್ಕಾರಗಳು.

ತಿಂಗಳಿಗೆ ಮೂವತ್ತೆರಡು ದಿನ ಎಲ್ಲಿಂದ ಬಂತು ಎಂದು ನೀವು ಹುಬ್ಬು ಏರಿಸುತ್ತಿರಬಹುದು. ಬೇಸಿಗೆ ವರ್ಷದ ಅರ್ಧವನ್ನು ನುಂಗಿದ ಮೇಲೆ ನಮ್ಮವರು ವೈಶಾಖವನ್ನು ಎರಡು ಮಾಡಿ, ಮಿಕ್ಕ ದಿನಗಳನ್ನೆಲ್ಲ ಅದರೊಳಗೇ ತುರುಕಿದರು. ನನ್ನ ಮಾತು ಅಲ್ಲಲ್ಲಿ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ಹಳೆಯ ಧ್ವನಿಮುದ್ರಣಗಳಿಂದ ಕಲಿತು ಬರೆಯುತ್ತಿದ್ದೇನೆ. ಇದು ನಿಮ್ಮ ಫೋನಿಗೆ ಬರುತ್ತದೆ ಎಂದು ಹೇಳಿದ್ದಾರೆ. ಬೆಳಿಗ್ಗೆ ಬರುವ ಹೂವಿನ ಚಿತ್ರಗಳ, ಬೆಲ್ಲ ತಿಂದರೆ ಸಕ್ಕರೆ ಕಾಯಿಲೆ ಹೋಗುತ್ತದೆ ಎನ್ನುವ ಸಂದೇಶಗಳ ನಡುವೆ ಇದೂ ಒಂದು ಎಂದು ಅಳಿಸಿ ಹಾಕಬೇಡಿ. ಇದನ್ನು ನಾವು ಹಿಂದೋಲೆ ಎನ್ನುತ್ತೇವೆ, ಹಿಂದಿನ ಕಾಲಕ್ಕೆ ಹೋಗುವ ಓಲೆ. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಸಿಗುತ್ತದೆ, ಅದೂ ರಕ್ತಸಂಬಂಧದವರಿಗೆ ಮಾತ್ರ. ಹೆಚ್ಚಿನವರು ಸತ್ತ ತಾಯಿಗೋ ಸತ್ತ ಕೂಸಿಗೋ ಬರೆಯುತ್ತಾರೆ. ನಾನು ಮುಖ ಕಂಡಿರದ ನಿಮಗೆ ಬರೆಯುತ್ತಿದ್ದೇನೆ. ನನಗೆ ಬೇರೆ ದಾರಿ ಉಳಿದಿಲ್ಲ. ಓಲೆ ತಲುಪಿತೋ ಇಲ್ಲವೋ ಎಂಬುದು ಬರೆದವರಿಗೆ ಎಂದೂ ತಿಳಿಯುವುದಿಲ್ಲ. ತಲುಪಿ ಕೆಲಸವಾದರೆ ಅದನ್ನು ಬರೆದದ್ದೇ ಮರೆತುಹೋಗುತ್ತದಂತೆ.

ನಮ್ಮ ಕಾಲದಲ್ಲಿ ಗೋಧಿ ಬೆಳೆಯುವುದಿಲ್ಲ. ಈ ಸೆಕೆಗೆ ಅದು ತೆನೆ ಕಟ್ಟುವುದಿಲ್ಲ. ಜೋಳ, ನವಣೆ, ಸಜ್ಜೆ ತಿಂದು ಬದುಕುತ್ತೇವೆ, ಚಪಾತಿ ಎಂದರೆ ಏನೆಂದು ಮಕ್ಕಳಿಗೆ ಚಿತ್ರ ತೋರಿಸಿ ಹೇಳಬೇಕು. ಆದರೆ ಗೋಧಿ ಎಂಬ ಮಾತು ಮಾತ್ರ ಸತ್ತಿಲ್ಲ. ಕೂದಲು ತೆಗೆಯುವ ಬೆಳಕಿನ ಯಂತ್ರದಿಂದ, ನೀವು ಲೇಸರ್ ಎನ್ನುವುದರಿಂದ, ಚರ್ಮ ಸುಟ್ಟರೆ ಅದಕ್ಕೆ ನಾವು ಗೋಧಿ ಎನ್ನುತ್ತೇವೆ. ಅವಳ ಗಲ್ಲ ಗೋಧಿಯಾಯಿತು, ಅವನ ಕುತ್ತಿಗೆ ಗೋಧಿಯಾಯಿತು ಎನ್ನುತ್ತೇವೆ. ತಾಯಂದಿರು ಹಟ ಮಾಡುವ ಮಕ್ಕಳನ್ನು ಆ ಮಾತಿನಿಂದಲೇ ಹೆದರಿಸುತ್ತಾರೆ. ಈ ಮಾತು ನಿಮ್ಮ ಬಾಯಿಂದ ಬಂದದ್ದು, ಅಜ್ಜಿ. ನಾಳೆ ಬೆಳಿಗ್ಗೆ, ನಿಮ್ಮ ಲೆಕ್ಕದ ನಾಳೆ, ನೀವು ಅದನ್ನು ಹೇಳಲಿದ್ದೀರಿ. ಸಿಟ್ಟು ಮಾಡಿಕೊಳ್ಳದೆ ಮುಂದೆ ಓದಿ. ನನಗೆ ನಿಮ್ಮ ಮೇಲೆ ಬೇಕಾದಷ್ಟು ಸಿಟ್ಟಿದೆ, ಅದನ್ನು ನಾನೂ ಹಲ್ಲು ಕಚ್ಚಿ ಹಿಡಿದುಕೊಂಡೇ ಬರೆಯುತ್ತಿದ್ದೇನೆ.

ನಾನು ಚರ್ಮದ ವೈದ್ಯೆ. ಈ ಜಿಲ್ಲೆಯ ಹಿರಿಯ ವೈದ್ಯೆಯೂ ಹೌದು, ಆದ್ದರಿಂದ ಸರಿಗೋಧಿ ಕೊಡುವ ಕೆಲಸವೂ ನನ್ನದೇ. ಸರಿಗೋಧಿ ಎಂದರೆ ಸಮಕ್ಕೆ ಸಮ ಸುಡುವ ಶಿಕ್ಷೆ. ವೈದ್ಯರು ಕೋಣೆಯಲ್ಲಿ ಇಲ್ಲದಾಗ ಯಂತ್ರ ಉರಿದು ಯಾರದಾದರೂ ಚರ್ಮ ಸುಟ್ಟರೆ, ಆ ವೈದ್ಯರ ಮೈಮೇಲೆ ಅದೇ ಜಾಗದಲ್ಲಿ ಅಷ್ಟೇ ಅಗಲ ಸುಡಬೇಕು, ಅಷ್ಟೇ ಆಳ, ಅದೇ ಬಣ್ಣ ಏಳುವವರೆಗೆ. ಹಳೆಯ ರೈಲ್ವೆ ಕಟ್ಟಡದ ದೊಡ್ಡ ಪಡಸಾಲೆಯಲ್ಲಿ ಎಲ್ಲರೆದುರು ನಡೆಯುತ್ತದೆ. ಮಕ್ಕಳನ್ನು ಹೆಗಲ ಮೇಲೆ ಹೊತ್ತುಕೊಂಡು ಜನ ಬರುತ್ತಾರೆ. ಬಾಗಿಲಲ್ಲಿ ಗಿರಮಿಟ್ ಮಾರುವವರು ಕೂತಿರುತ್ತಾರೆ, ಅದೊಂದು ನಿಮ್ಮ ಕಾಲದಿಂದ ಬದಲಾಗಿಲ್ಲ. ವೈದ್ಯರನ್ನು ಕುರ್ಚಿಗೆ ಬಿಗಿದು ಕಣ್ಣಿಗೆ ಲೋಹದ ಮುಚ್ಚಳ ಇಡುತ್ತೇವೆ. ಮೊದಲು ಕೂದಲು ಸುಟ್ಟ ವಾಸನೆ, ಆಮೇಲೆ ಬೇರೆ ವಾಸನೆ. ಕೂಗಿದರೆ ಜನ ಎಣಿಸುತ್ತಾರೆ, ಕೂಗದಿದ್ದರೆ ಇನ್ನೊಮ್ಮೆ ಎನ್ನುತ್ತಾರೆ. ಆ ಇನ್ನೊಮ್ಮೆಗೆ ನಾನು ಎಂದೂ ಕಿವಿಗೊಟ್ಟಿಲ್ಲ. ಈಗ ನಮ್ಮ ಊರಿನಲ್ಲಿ ಸುಟ್ಟ ರೋಗಿಗಳಿಗಿಂತ ಸುಟ್ಟ ವೈದ್ಯರೇ ಹೆಚ್ಚು ಕಾಣುತ್ತಾರೆ. ಬುದ್ಧಿವಂತ ಹುಡುಗರು ಚರ್ಮದ ವಿದ್ಯೆಯ ಹತ್ತಿರವೂ ಸುಳಿಯುವುದಿಲ್ಲ. ಕುಷ್ಠ, ಕಜ್ಜಿ ನೋಡುವವರೂ ಇಲ್ಲವಾಗಿದ್ದಾರೆ. ಆದರೂ ಜನರಿಗೆ ಈ ಕಾನೂನು ಎಂದರೆ ಪ್ರಾಣ.

ಇಂದು ಆ ಕುರ್ಚಿಯಲ್ಲಿ ಕೂರುವವಳು ನನ್ನ ಮಗಳು ಹೊನಲು.

ಅವಳೂ ವೈದ್ಯೆ. ಹೋದ ತಿಂಗಳು ಒಬ್ಬ ಹುಡುಗನ ಗಡ್ಡದ ಕೂದಲು ತೆಗೆಯುವ ಕೋಣೆಯಲ್ಲಿ ನಿಂತಿದ್ದಳು. ಪಕ್ಕದ ಕೋಣೆಯಲ್ಲಿ ಒಬ್ಬ ಮುದುಕ ಉಸಿರು ಸಿಕ್ಕಿಹಾಕಿಕೊಂಡು ಕುಸಿದ. ತಾನು ಬರುವವರೆಗೆ ಯಂತ್ರ ಮುಟ್ಟಬೇಡ ಎಂದು ಸಹಾಯಕನಿಗೆ ಹೇಳಿ ಓಡಿದಳು. ಮುದುಕ ಬದುಕಿದ. ಸಹಾಯಕ ಕಾಯಲಿಲ್ಲ. ಹುಡುಗನ ಗಲ್ಲದ ಮೇಲೆ ಹುಣಸೆ ಬೀಜದಷ್ಟು ಗೋಧಿಯಾಯಿತು. ವೈದ್ಯರು ಏಕೆ ಎದ್ದುಹೋದರು ಎಂದು ಕೇಳುವ ಒಂದು ಸಾಲೂ ನಮ್ಮ ಕಾನೂನಿನಲ್ಲಿಲ್ಲ. ಸುಟ್ಟುಕೊಂಡ ಹುಡುಗನೇ ಬೇಡ ಬೇಡ ಎಂದು ತೀರ್ಪು ಕೊಡುವ ಸಭೆಯ ಮುಂದೆ ಅತ್ತ, ಅವನನ್ನು ಹೊರಗೆ ಕಳಿಸಿದರು. ನಾನು ಒಲ್ಲೆ ಎಂದರೆ ಪಕ್ಕದ ಜಿಲ್ಲೆಯ ಹಿರಿಯ ವೈದ್ಯ ಬಂದು ಸುಡುತ್ತಾನೆ. ಆಗ ಹೊನಲು ನನ್ನ ಕೈ ಹಿಡಿದು ಹೇಳಿದಳು: "ಅವ್ವಾ, ನೀನ ಮಾಡು. ಆ ಹಿರಿಯನ ಕೈ ನಡಗತಾವು. ಕಣ್ಣಿಗೆ ತಾಗಿಸಿದನಂದ್ರ ಏನು ಮಾಡೂದು?"

ಅವಳ ಮಾತು ನಿಜ. ಆದ್ದರಿಂದ ನಾನೇ ಮಾಡುತ್ತೇನೆ.

ಇದೆಲ್ಲ ಎಲ್ಲಿ ಶುರುವಾಯಿತು ಎಂಬುದನ್ನು ನಮ್ಮ ಮಕ್ಕಳು ಶಾಲೆಯಲ್ಲಿ ಕಲಿಯುತ್ತಾರೆ. ನಿಮಗೆ ಅದು ನಾಳೆಯ ಸುದ್ದಿ. ನಿಮ್ಮ ಮಗಳು ದಾನೇಶ್ವರಿ, ಹೈಸ್ಕೂಲಿನಲ್ಲಿ ಆಟದ ಟೀಚರು. ದಿನವಿಡೀ ಬಿಸಿಲಿನಲ್ಲಿ ನಿಂತು ಹುಡುಗಿಯರಿಗೆ ಖೋ ಖೋ ಆಡಿಸುವವಳು, ಮೊದಲೇ ಕಪ್ಪು, ಬಿಸಿಲಿಗೆ ಇನ್ನಷ್ಟು ಕಪ್ಪಾದವಳು. ಮದುವೆ ಹತ್ತಿರ ಬಂತು, ಗಲ್ಲದ ಮೇಲಿನ ಕೂದಲು ಫೋಟೋದಲ್ಲಿ ಕಾಣುತ್ತದೆ ಎಂದು ನೀವು ಅವಳನ್ನು ಆ ಕ್ಲಿನಿಕ್ಕಿಗೆ ಎಳೆದುಕೊಂಡು ಹೋಗುತ್ತೀರಿ. ಬೋರ್ಡಿನ ಮೇಲೆ ಡಾ. ಸಮೀರಣ ಎಂಬ ಹೆಸರು ಇರುತ್ತದೆ. ಅದೇ ಹೆಸರು ಇನ್ನೂ ಮೂರು ಊರುಗಳ ಬೋರ್ಡುಗಳಲ್ಲಿದೆ. ನಾಳೆ ಆ ಮನುಷ್ಯ ಬೆಳಗಾವಿಯಲ್ಲಿರುತ್ತಾನೆ. ಕೇಳಿದರೆ ಡಾಕ್ಟರ್ ಒಳಗ ಅದಾರ ಎನ್ನುತ್ತಾರೆ. ಒಳಗಿರುವವಳು ಜಯಶೀಲಾ, ಮೊನ್ನೆಯವರೆಗೆ ಪಾರ್ಲರಿನಲ್ಲಿ ಹುಬ್ಬು ತೀಡುತ್ತಿದ್ದ ಹುಡುಗಿ. ಯಂತ್ರ ಮಾರಲು ಬಂದವನು ಯಾವ ಗುಂಡಿ ಒತ್ತಬೇಕೆಂದು ಅವಳಿಗೆ ತೋರಿಸಿ ಹೋಗಿದ್ದಾನೆ. ಮಾಲೀಕರು ಅವಳಿಗೆ ಬಿಳಿ ಕೋಟು ತೊಡಿಸಿದ್ದಾರೆ, ನೋಡಿದವರು ಡಾಕ್ಟರ್ ಎಂದುಕೊಳ್ಳಲಿ ಎಂದು.

ಯಂತ್ರದ ಪರದೆಯ ಮೇಲೆ ಆರು ಬಣ್ಣಗಳ ಚೌಕಗಳಿರುತ್ತವೆ. ಚರ್ಮ ಕಪ್ಪಾದಷ್ಟೂ ಅದು ಬೆಳಕನ್ನು ಹೆಚ್ಚು ಹೀರುತ್ತದೆ, ಬಿಸಿ ಕಡಿಮೆ ಇಡಬೇಕು. ವೈದ್ಯರು ಮುಖವನ್ನು ಕಿಟಕಿಯ ಬೆಳಕಿಗೆ ತಿರುಗಿಸಿ ನೋಡಿ, ಬಿಸಿಲಿನಲ್ಲಿ ಎಷ್ಟು ಹೊತ್ತು ಇರುತ್ತೀ, ಯಾವ ಕ್ರೀಮು ಹಚ್ಚುತ್ತೀ ಎಂದು ಕೇಳಿ, ಕಿವಿಯ ಹಿಂದೆ ಒಂದು ಚುಕ್ಕೆ ಹೊಡೆದು ಕಾದು ನೋಡಬೇಕಾದ ಕೆಲಸ ಅದು. ಜಯಶೀಲಾಳಿಗೂ ಕಣ್ಣಿದೆ. ಆದರೆ ಬಂದವರನ್ನು ಕಪ್ಪು ಎನ್ನಬಾರದು ಎಂದು ಆ ಕ್ಲಿನಿಕ್ಕಿನಲ್ಲಿ ತಾಕೀತು ಮಾಡಿದ್ದಾರೆ. ಅದಕ್ಕೇ ಅವಳು ಮರ್ಯಾದೆಯಿಂದ ನಿಮ್ಮನ್ನೇ ಕೇಳುತ್ತಾಳೆ: "ಮೇಡಂ ಅವರ ಬಣ್ಣ ಏನಂತ ಹಾಕ್ಲಿರಿ ಆಂಟಿ?"

ನೀವು ಹೇಳುತ್ತೀರಿ: "ಗೋಧಿ ಬಣ್ಣ ರೀ. ಬಯೋಡಾಟಾದಾಗೂ ಹಂಗ ಬರಸೇವಿ."

ದಾನೇಶ್ವರಿ ನಗುತ್ತಾಳೆ. "ಯಾವ ಗೋಧಿಬೇ ಯವ್ವಾ? ನಾ ಕರಿ ಎಳ್ಳು ಇದ್ದಂಗ ಅದೇನಿ."

"ಸುಮ್ನಿರಲೇ," ಎಂದು ನೀವು ಅವಳ ತೋಳು ಚಿವುಟುತ್ತೀರಿ. ಜಯಶೀಲಾ ಗೋಧಿಯ ಚೌಕವನ್ನು ಒತ್ತುತ್ತಾಳೆ.

ನೀವು ಕೆಟ್ಟವರಲ್ಲ. ಹೆಣ್ಣು ಹೆತ್ತವರೆಲ್ಲ ಗಂಡಿನ ಕಡೆಯವರ ಮುಂದೆ ಹೇಳಿ ಹೇಳಿ ನಾಲಿಗೆಗೆ ರೂಢಿಯಾದ ಸುಳ್ಳು ಅದು. ಮದುವೆಯ ಮಾತುಕತೆಯಲ್ಲಿ ಅದನ್ನು ಯಾರೂ ನಂಬುವುದಿಲ್ಲ, ಯಾರಿಗೂ ನೋವಾಗುವುದಿಲ್ಲ. ಯಂತ್ರ ಮಾತ್ರ ಅದನ್ನು ನಂಬಿತು.

ದಾನೇಶ್ವರಿ ಆಟಗಾರ್ತಿ, ನೋವು ತಡೆಯುವವಳು. ಉರಿಯುತ್ತದೆ ಎಂದರೆ ಸ್ವಲ್ಪ ಉರಿಯುವುದು ಸಹಜ ಎನ್ನುತ್ತಾರೆ. ಅವಳು ಮುಷ್ಟಿ ಬಿಗಿದು ಮಲಗಿರುತ್ತಾಳೆ. ಎದ್ದು ಕೂತಾಗ ಎರಡೂ ಗಲ್ಲ, ಗದ್ದ, ಮೂಗಿನ ಕೆಳಗೆ ಚೌಕ ಚೌಕವಾಗಿ ಬೂದಿ ಬಣ್ಣ. ಸಂಜೆಗೆ ಬೊಬ್ಬೆ, ಮರುದಿನ ಬೊಬ್ಬೆ ಒಡೆದು ಚರ್ಮ ದಿಂಬಿಗೆ ಅಂಟಿಕೊಳ್ಳುತ್ತದೆ. ಬೀಗರು ಬಂದು ನೋಡಿ, ಚಹಾ ಕುಡಿಯದೆ ಎದ್ದುಹೋಗುತ್ತಾರೆ.

ಡಾ. ಸಮೀರಣ ಊರಿಗೆ ಬರುವ ದಿನ ಕಾದು ಅವಳು ಕ್ಲಿನಿಕ್ಕಿಗೆ ಹೋಗುತ್ತಾಳೆ. ಅವನು ಸಾದಾ ಅಂಗಿಯಲ್ಲಿ ಕೂತಿರುತ್ತಾನೆ, ಹಾಲಿನಂಥ ಬಣ್ಣದವನು. ಅವನ ಕುತ್ತಿಗೆಪಟ್ಟಿ ಹಿಡಿದು ಕೋಣೆಗೆ ಎಳೆದು, ಮಂಚಕ್ಕೆ ಒತ್ತಿ, ಮೊಣಕಾಲಿನಿಂದ ಅವನ ಕೈ ಅದುಮಿ, ಜಯಶೀಲಾಳಿಂದ ಯಂತ್ರಕ್ಕೆ ಅದೇ ಅಳತೆ ಇಡಿಸಿ ಅವನ ಮುಂಗೈಗೆ ಬೆಳಕು ಹೊಡೆಯುತ್ತಾಳೆ. ಅಲ್ಲಿ ಏಳುವುದು ಇರುವೆ ಕಚ್ಚಿದಷ್ಟು ಕೆಂಪು ಮಾತ್ರ. ಅವನಿಗೆ ಧೈರ್ಯ ಬರುತ್ತದೆ.

"ನೋಡ್ರಿ! ಏನರ ಆತೇನು? ಮಷಿನ್ ಸರಿ ಐತಿ. ನಿಮ್ಮ ಚರ್ಮನ ಸರಿ ಇಲ್ಲ!"

ಆ ಮಾತು ಅವನು ಆಡಬಾರದಿತ್ತು. ದಾನೇಶ್ವರಿ ಅಳತೆಯನ್ನು ಏರಿಸಿ ಹೊಡೆಯುತ್ತಾಳೆ. ಮತ್ತೆ ಏರಿಸುತ್ತಾಳೆ. ತನ್ನ ಮುಖದ ಬೂದಿ ಬಣ್ಣ ಅವನ ಕೈಮೇಲೆ ಏಳುವವರೆಗೆ ನಿಲ್ಲಿಸುವುದಿಲ್ಲ. ಸರಿಗೋಧಿ ಹುಟ್ಟಿದ್ದು ಆ ಮಂಚದ ಮೇಲೆ. ಅವನ ಕಿರುಚಾಟ ರಸ್ತೆಗೆ ಕೇಳಿ ಜನ ನುಗ್ಗುತ್ತಾರೆ. ಗಾಜು ಒಡೆಯುತ್ತದೆ, ಕುರ್ಚಿಗಳು ಕಿಟಕಿಯಿಂದ ಹಾರುತ್ತವೆ. ಡಾಕ್ಟರ್ ಎಲ್ಲಿ, ಡಾಕ್ಟರನ್ನ ಹಿಡೀರಿ ಎಂದು ಕೂಗುತ್ತಾ ಬಂದವರ ಕಣ್ಣಿಗೆ ಮೆಟ್ಟಿಲಿಳಿದು ಓಡುತ್ತಿದ್ದ ಬಿಳಿ ಕೋಟು ಬೀಳುತ್ತದೆ.

"ನಾ ಡಾಕ್ಟರ್ ಅಲ್ಲರೀ ಯಣ್ಣಾ, ನಾ ಡಾಕ್ಟರ್ ಅಲ್ಲ!" ಎಂದು ಜಯಶೀಲಾ ಕೈ ಮುಗಿಯುತ್ತಾಳೆ. ಕೋಟು ನೋಡಿದವರಿಗೆ ಅದು ಬರೀ ಸುಳ್ಳಾಗಿ ಕೇಳಿಸುತ್ತದೆ. ಕುರ್ಚಿಯ ಕಾಲು, ಕಲ್ಲು, ಚಪ್ಪಲಿ, ಕೈಗೆ ಸಿಕ್ಕಿದ್ದರಿಂದ ಹೊಡೆಯುತ್ತಾರೆ. ದಾನೇಶ್ವರಿ ಓಡಿಬಂದು ಅವಳ ಮೇಲೆ ಬಿದ್ದು ಏಟು ತಡೆಯಲು ನೋಡುತ್ತಾಳೆ, ಅವಳನ್ನು ಎತ್ತಿ ಬದಿಗೆ ಎಸೆಯುತ್ತಾರೆ. ಕೆಳಗಿನ ಮೆಟ್ಟಿಲ ಮೇಲೆ ಆ ಹುಡುಗಿಯ ತಲೆ ಒಡೆಯುತ್ತದೆ. ಸಾದಾ ಅಂಗಿಯವನು ಕೈಗೆ ಟವೆಲ್ ಸುತ್ತಿಕೊಂಡು ಅದೇ ಗುಂಪಿನ ನಡುವೆ ನಡೆದುಹೋಗುತ್ತಾನೆ. ಅವನನ್ನು ಯಾರೂ ಗುರುತಿಸುವುದಿಲ್ಲ.

ದಾನೇಶ್ವರಿ ಜೈಲಿಗೆ ಹೋಗುತ್ತಾಳೆ, ಅಲ್ಲಿಂದ ಬದುಕಿ ಬರುವುದಿಲ್ಲ. ಅವಳು ಅವನ ಕೈ ಸುಡುವುದನ್ನು ಬಾಗಿಲಲ್ಲಿ ನಿಂತ ಯಾರೋ ಫೋನಿನಲ್ಲಿ ಹಿಡಿದ ವೀಡಿಯೊ ಮಾತ್ರ ಊರೂರು ಸುತ್ತುತ್ತದೆ. ಜನ ಕ್ಲಿನಿಕ್ಕುಗಳಿಗೆ ಬೆಂಕಿ ಇಡುತ್ತಾರೆ, ಬಿಳಿ ಕೋಟು ಕಂಡಲ್ಲಿ ಕಲ್ಲು ಎತ್ತುತ್ತಾರೆ. ಕೊನೆಗೆ ಆ ಸಿಟ್ಟನ್ನೇ ತಿದ್ದಿ ತೀಡಿ ಕಾನೂನು ಮಾಡುತ್ತಾರೆ. ಜಯಶೀಲಾಳ ಹೆಸರು ನಮ್ಮ ಪಾಠದಲ್ಲಿಲ್ಲ. ಅದನ್ನು ನಾನು ಮನೆತನದವರ ಬಾಯಿಂದ ಕೇಳಿದ್ದು. ನೀವೇ ಸಾಯುವವರೆಗೂ ಆ ಹೆಸರು ಹೇಳಿ ಅಳುತ್ತಿದ್ದಿರಂತೆ.

ಅದಕ್ಕೇ ಬೇಡಿಕೊಳ್ಳುತ್ತಿದ್ದೇನೆ. ಮದುವೆ ಮುಂದೂಡಬೇಡಿ, ಯಾರ ಜೊತೆಗೂ ಜಗಳ ತೆಗೆಯಬೇಡಿ. ಬಣ್ಣ ಯಾವುದು ಎಂದು ಆ ಹುಡುಗಿ ಕೇಳಿದಾಗ ಇಷ್ಟು ಹೇಳಿ: "ಅದನ್ನ ನಾ ಹೇಳೂದಲ್ಲವ್ವಾ. ಡಾಕ್ಟರನ್ನ ಕರಿ, ಅವರ ಕಣ್ಣಿಲೆ ನೋಡ್ಲಿ." ಡಾಕ್ಟರ್ ಒಳಗಿದ್ದಾರೆ ಎಂದರೆ ಹೊರಗೆ ಬರಲಿ ಎನ್ನಿ. ಇವತ್ತು ಇಲ್ಲ ಎಂದರೆ ಮಗಳ ಕೈ ಹಿಡಿದು ಎದ್ದುಬನ್ನಿ. ಗಲ್ಲದ ಮೇಲೆ ನಾಲ್ಕು ಕೂದಲಿದ್ದರೆ ಯಾರ ಮನೆಯೂ ಮುಳುಗುವುದಿಲ್ಲ. ಬರುವಾಗ ಜಯಶೀಲಾಳಿಗೆ ಆ ಕೋಟು ಬಿಚ್ಚಿಡು ತಂಗಿ ಎಂದು ಒಂದು ಮಾತು ಹೇಳಿ ಬನ್ನಿ.

ಇಲ್ಲಿ ಹೊತ್ತು ಮೂಡಿದೆ. ಪಡಸಾಲೆಯ ಗಂಟೆ ಒಮ್ಮೆ ಬಾರಿಸಿತು, ಎರಡನೆಯದಕ್ಕೆ ನಾವು ಹೊರಡಬೇಕು. ಯಂತ್ರವನ್ನು ಒರೆಸಿ ಪೆಟ್ಟಿಗೆಯಲ್ಲಿಟ್ಟಿದ್ದೇನೆ. ಹೊನಲು ಬಚ್ಚಲಿನಲ್ಲಿ ಮುಖ ತೊಳೆದುಕೊಳ್ಳುತ್ತಿದ್ದಾಳೆ, ನೀರಿನ ಸದ್ದು ಕೇಳುತ್ತಿದೆ. ಅವಳದೂ ನಿಮ್ಮ ದಾನೇಶ್ವರಿಯ ಬಣ್ಣವೇ. ಯಾರು ಕೇಳಿದರೂ ಅವಳು ಕಪ್ಪು ಎಂದೇ ನಾನು ಹೇಳಿದ್ದೇನೆ. ಗಲ್ಲದ ಮೇಲೆ ಎಲ್ಲಿ ಇಡಬೇಕೆಂದು ರಾತ್ರಿಯೇ ಶಾಯಿಯಲ್ಲಿ ಗುರುತು ಹಾಕಿದ್ದೆ. ಅದನ್ನು ಉಜ್ಜಿ ತೆಗೆಯಲು ನೋಡುತ್ತಿದ್ದಾಳೋ ಏನೋ, ಇನ್ನೂ ನೀರು ಸುರಿಯುತ್ತಲೇ ಇದೆ.

ಗೋಧಿ ಬಣ್ಣ ಅನ್ನಬ್ಯಾಡ ಅಜ್ಜಿ. ಆಕಿ ಮುಖ ಒರಸಿಕೊಂಡು ಹೊರಗ ಬರೂದರೊಳಗ ನಾನು ಇದನ್ನೆಲ್ಲ ಮರತಿರಬೇಕು.