ಡ್ರಮ್ಮಿಗೆ ಕಟ್ಟಿದ ಪೆಟ್ಟಿಗೆ

ಕಚೇರಿ, ಎರಡನೇ ಮಹಡಿ
ಗುರುವಾರ, ಹದಿನಾಲ್ಕನೇ ತಾರೀಖು, ಊಟದ ಬಿಡುವು

ಪ್ರೀತಿಯ ತಮ್ಮಾ,

'ಪ್ರೀತಿಯ' ಎಂದು ಬರೆದು ಒಮ್ಮೆ ಹೊಡೆದುಹಾಕಿದ್ದೆ. ಮತ್ತೆ ಬರೆದಿದ್ದೇನೆ, ನಿನಗೆ ಬೇರೆ ಥರ ಬರೆದು ಅಭ್ಯಾಸವಿಲ್ಲ. ಆರೋಗ್ಯವಾಗಿದ್ದೀಯ ತಾನೆ? ಸೊಂಟದ ನೋವಿಗೆ ಕಳಿಸಿದ ಮುಲಾಮು ಹಚ್ಚಿಕೊಳ್ಳುತ್ತಿದ್ದೀಯೋ, ಇಲ್ಲ ಹೋದ ಸಲದಂತೆ ಬಾಗಿಲಿನ ತಿರುಗಣಿಗೆ ಹಚ್ಚಿ ಮುಗಿಸಿದೆಯೋ? ನಿನ್ನ ದೋಣಿಯಲ್ಲಿರುವ ಐದು ಜನ ಹೇಗಿದ್ದಾರೆ? ನಾನು ಚೆನ್ನಾಗಿಲ್ಲ. ಎರಡು ದಿನದಿಂದ ಅನ್ನ ಸೇರುತ್ತಿಲ್ಲ, ಹೊಟ್ಟೆಯಲ್ಲಿ ಸಿಟ್ಟಿಗೇ ಜಾಗ ಸಾಲದು. ಅಮ್ಮನ ವಿಷಯ ಮುಂದೆ ಬರೆಯುತ್ತೇನೆ. ನಡುಸಮುದ್ರದಲ್ಲಿ ಕೂತವನಿಗೆ ಈ ಕಾಗದ ಹೇಗೆ ಬಂತು ಎಂಬುದನ್ನೂ ಬರೆಯುತ್ತೇನೆ.

ನನ್ನ ಕೆಲಸ ಏನೆಂದು ನೀನು ಒಂದು ದಿನವೂ ನೆಟ್ಟಗೆ ಕೇಳಿದವನಲ್ಲ. 'ನಮ್ಮಕ್ಕ ಟೀವಿಲಿ ಹಡಗು ನೋಡ್ತಾಳೆ, ಅದಕ್ಕೆ ಸಂಬಳ ಬೇರೆ' ಅಂತ ಬಂದರಿನಲ್ಲಿ ಎಲ್ಲರ ಮುಂದೆ ಹಲ್ಲು ಕಿರಿದಿದ್ದೆ. ಈಗ ಕೇಳು. ನಿನ್ನ ದೋಣಿಯ ಮೇಲಿನ ಪೆಟ್ಟಿಗೆ ಐದೈದು ನಿಮಿಷಕ್ಕೆ 'ನಾನು ಇಂಥ ದೋಣಿ, ಇಂಥ ಜಾಗದಲ್ಲಿದ್ದೇನೆ' ಎಂದು ಕೂಗುತ್ತದೆ, ಉಪಗ್ರಹ ಅದನ್ನು ಕೇಳಿಸಿಕೊಂಡು ನಮಗೆ ದಾಟಿಸುತ್ತದೆ. ಆದರೆ ಕೂಗುವ ಬಾಯಿ ನಿನ್ನದು, ನಿನ್ನ ಬಾಯಿಯ ಯೋಗ್ಯತೆ ನನಗೆ ಗೊತ್ತು. ಅದಕ್ಕೇ ಇನ್ನೊಂದು ಉಪಗ್ರಹವಿದೆ, ರಾಡಾರಿನದು. ಅದು ಯಾರನ್ನೂ ಏನೂ ಕೇಳುವುದಿಲ್ಲ. ಮೋಡವಿರಲಿ ಮಬ್ಬಿರಲಿ, ನೀರಿನ ಮೇಲೆ ಕಬ್ಬಿಣದ ದೋಣಿಯಿದ್ದರೆ ಚಿತ್ರದಲ್ಲಿ ಬಿಳಿ ಚುಕ್ಕೆಯಾಗಿ ಬೀಳುತ್ತದೆ, ಚುಕ್ಕೆಯನ್ನು ಅಳೆದರೆ ದೋಣಿಯ ಉದ್ದವೂ ಸಿಗುತ್ತದೆ. ಬಾನು ತಿಳಿಯಾಗಿದ್ದ ದಿನ ಕ್ಯಾಮೆರಾದ ಚಿತ್ರವೂ ಬರುತ್ತದೆ. ಇವನ್ನೆಲ್ಲ ಒಂದರ ಮೇಲೊಂದು ಇಟ್ಟು, ಚುಕ್ಕೆಯಿದ್ದೂ ಕೂಗು ಇಲ್ಲದ ದೋಣಿ ಯಾವುದು ಎಂದು ಹುಡುಕುವುದು ನನ್ನ ಕೆಲಸ. ಹೊಸದಾಗಿ ಸೇರಿದವರಿಗೆ ಮೊದಲ ದಿನವೇ ಹೇಳುತ್ತೇನೆ, ಒಂದೇ ಮೂಲವನ್ನು ನಂಬಬೇಡಿ ಅಂತ.

ಊರಿಗೆಲ್ಲ ಬುದ್ಧಿ ಹೇಳುವ ನಾನು ಹನ್ನೊಂದು ದಿನ ನಿನ್ನ ಕೂಗನ್ನೊಂದೇ ನಂಬಿದೆ. ದಿನಾ ಮಧ್ಯಾಹ್ನ ಒಂದೂವರೆಗೆ ಅಮ್ಮ ಫೋನ್ ಮಾಡುತ್ತಾಳೆ. 'ನಿನ್ನ ತಮ್ಮ ಎಲ್ಲಿದಾನೆ ನೋಡೇ.' ನಾನು ಡಬ್ಬಿ ಮುಚ್ಚಿಟ್ಟು, ಕೈ ಒರೆಸಿಕೊಂಡು, ನಿನ್ನ ದೋಣಿಯ ಸಂಖ್ಯೆ ಒತ್ತಿ, ದಕ್ಷಿಣದ ನೀರೊಳಗಿನ ದಿಬ್ಬದ ಹತ್ತಿರ ಇದ್ದಾನಮ್ಮಾ, ಬಲೆ ಬಿಟ್ಟುಕೊಂಡು ಆರಾಮವಾಗಿದ್ದಾನೆ ಎನ್ನುತ್ತಿದ್ದೆ. ಅಷ್ಟು ಕೇಳಿದ ಮೇಲೆ ಅವಳು ಊಟಕ್ಕೆ ಕೂರುತ್ತಿದ್ದಳು.

ಮಂಗಳವಾರ ಅವಳು ಫೋನ್ ಇಡಲಿಲ್ಲ. ಬೆಳಿಗ್ಗೆ ಯಾವ ಕಡೆ ಹೋಗುತ್ತಿದ್ದ, ಈಗ ಯಾವ ಕಡೆ, ನಿನ್ನೆ ಇದೇ ಹೊತ್ತಿಗೆ ಯಾವ ಕಡೆ ಎಂದು ಒಂದೊಂದನ್ನೇ ಕೇಳಿದಳು. ನಾನು ಓದಿ ಹೇಳಿದೆ. ಆರು ಗಂಟೆ ಹೊತ್ತು ದಡದ ಕಡೆಗೆ, ಆರು ಗಂಟೆ ಹೊತ್ತು ಹೊರಗೆ. ಅಮ್ಮ ಹೇಳಿದಳು: 'ಉಬ್ಬರ ಬಂದಾಗ ಒಳಗೆ, ಇಳಿತ ಬಂದಾಗ ಹೊರಗೆ. ಎಂಜಿನ್ ಇರೋ ದೋಣಿ ನೀರು ಹೇಳಿದಂಗೆ ಯಾಕೆ ಕೇಳುತ್ತೆ? ಅದು ದೋಣಿ ಅಲ್ಲ ಕಣೇ, ಏನೋ ತೇಲ್ತಾ ಇದೆ.' ಶಾಲೆಯ ಮೆಟ್ಟಿಲು ಹತ್ತದ ಹೆಂಗಸು ನನ್ನ ಎರಡು ಪದವಿಯನ್ನು ಒಂದು ಮಾತಿನಲ್ಲಿ ನೀರಿಗೆ ಹಾಕಿದಳು.

ರಾಡಾರ್ ಚಿತ್ರ ತೆಗೆದೆ. ನಿನ್ನ ಕೂಗು ಬರುತ್ತಿದ್ದ ಕಡೆ ಬರೀ ನೀರು. ಪ್ಲಾಸ್ಟಿಕ್ ಡ್ರಮ್ಮು ತಾನೆ, ರಾಡಾರಿಗೆ ಎಲ್ಲಿ ಕಾಣಬೇಕು? ಅದಕ್ಕೆ ಪೆಟ್ಟಿಗೆ ಕಟ್ಟಿ, ಬ್ಯಾಟರಿ ಕೊಟ್ಟು, ಉದ್ದ ಹಗ್ಗದಲ್ಲಿ ಲಂಗರು ಹಾಕಿ ಹೋಗಿದ್ದೀಯ. ನಿನ್ನೆ ಮೀನುಗಾರಿಕೆ ಇಲಾಖೆಯ ದೋಣಿಯವರು ಹೋಗಿ ಎತ್ತಿಕೊಂಡು ಬಂದರು, ನೀಲಿ ಡ್ರಮ್ಮು, ನಮ್ಮ ಹಿತ್ತಲಲ್ಲಿ ನೀರು ತುಂಬಿಸಿಡುತ್ತಿದ್ದದ್ದೇ. ಅಲ್ಲಿಂದ ನಲವತ್ತು ಮೈಲಿ ಉತ್ತರಕ್ಕೆ, ಮೀನು ಮೊಟ್ಟೆಯಿಡುವ ಕಾಲವೆಂದು ಮೂರು ತಿಂಗಳು ಮುಚ್ಚಿರುವ ಜಾಗದಲ್ಲಿ, ಸರಿಯಾಗಿ ನಿನ್ನ ದೋಣಿಯಷ್ಟೇ ಉದ್ದದ, ಇಪ್ಪತ್ತೆರಡು ಮೀಟರಿನ ಒಂದು ಚುಕ್ಕೆ ಇದೆ, ಕೂಗಿಲ್ಲದ ಚುಕ್ಕೆ. ಕ್ಯಾಮೆರಾದ ಚಿತ್ರದಲ್ಲಿ ಅದರ ಹಿಂಭಾಗದಲ್ಲಿ ಒಂದು ಚೂರು ಕಿತ್ತಳೆ ಬಣ್ಣ ಕಂಡಿತು. ಅಮ್ಮ ಹೊಲಿದುಕೊಟ್ಟ ಟಾರ್ಪಾಲು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದರೆ ಯಾರಿಗೂ ಕಾಣುವುದಿಲ್ಲ ಅಂದುಕೊಂಡೆಯಾ? ನೀನು ಚಾಪೆಯ ಕೆಳಗೆ ತೂರಿದರೆ ನಾನು ರಂಗೋಲಿಯ ಕೆಳಗೆ ತೂರುವವಳು.

ಕದ್ದು ಮೀನು ಹಿಡಿದದ್ದಕ್ಕೆ ಇಷ್ಟು ಸಿಟ್ಟಲ್ಲ. ಅದಕ್ಕೂ ಇದೆ, ಅದನ್ನು ಇಲಾಖೆಯವರು ನೋಡಿಕೊಳ್ಳುತ್ತಾರೆ. ಅಪ್ಪನದು ನೆನಪಿದೆಯಾ? ನಿನಗೆ ಆಗ ಎಂಟು ವರ್ಷ, ನನಗೆ ಹದಿನಾಲ್ಕು. 'ಮೀನಿನ ಜಾಗ ಹೆಂಡ್ತಿಗೂ ಹೇಳಬಾರದು' ಅಂತ ಜಂಬ ಕೊಚ್ಚುತ್ತಿದ್ದ ಮನುಷ್ಯ, ದಕ್ಷಿಣಕ್ಕೆ ಎಂದು ಹೇಳಿ ಉತ್ತರಕ್ಕೆ ಹೋದ. ಬಿರುಗಾಳಿ ಎದ್ದಾಗ ಬಂದರಿನ ದೋಣಿಗಳೆಲ್ಲ ಒಂಬತ್ತು ದಿನ ದಕ್ಷಿಣದಲ್ಲಿ ಹುಡುಕಿದವು. ಹತ್ತನೇ ದಿನ ಉತ್ತರದ ದಡದಲ್ಲಿ ಹಲಗೆಗಳು ಸಿಕ್ಕವು. ಅವನು ಎರಡು ದಿನವಾದರೂ ಹಲಗೆ ಹಿಡಿದು ತೇಲಿರಬೇಕು ಎಂದು ಯಾರೋ ಹಿರಿಯರು ಅಂದರು. ಆ ಮಾತನ್ನು ಅಮ್ಮ ಇಪ್ಪತ್ತಾರು ವರ್ಷದಿಂದ ಹೊತ್ತುಕೊಂಡಿದ್ದಾಳೆ. ನಾನು ಈ ಕೆಲಸಕ್ಕೆ ಸೇರಿದ್ದು ಸಂಬಳಕ್ಕಲ್ಲ ಕಣೋ. ಅಪ್ಪನದು ಬಾಯಿಮಾತಿನ ಸುಳ್ಳು, ನೀನು ಅದಕ್ಕೆ ಬ್ಯಾಟರಿ ಹಾಕಿದ್ದೀಯ. ಶನಿವಾರ ದೊಡ್ಡ ಗಾಳಿ ಬರುತ್ತದೆ, ಶುಕ್ರವಾರ ಸಂಜೆಗೇ ಅಲೆ ಏಳುತ್ತದೆ. ನಿನ್ನ ಫೋನು, ವೈರ್‌ಲೆಸ್ಸು ಎರಡೂ ಬಂದ್. ನಿನ್ನ ದೋಣಿ ಮಗುಚಿದ್ದರೆ ರಕ್ಷಣೆಯವರು ನೇರವಾಗಿ ಆ ಡ್ರಮ್ಮಿನ ಹತ್ತಿರ ಹೋಗುತ್ತಿದ್ದರು. ನಾನೇ ಕಳಿಸುತ್ತಿದ್ದೆ.

ಅಮ್ಮನ ಆರೋಗ್ಯ ಕೇಳುತ್ತೀಯಾ? ಮಂಗಳವಾರದ ಆ ಮಾತಿನ ನಂತರ ಅವಳು ಒಂದೂವರೆಗೆ ಫೋನ್ ಮಾಡುವುದನ್ನು ಬಿಟ್ಟಿದ್ದಾಳೆ. ನಾನೇ ಮಾಡಿದರೆ 'ಊಟ ಆಯ್ತು' ಎನ್ನುತ್ತಾಳೆ. ಆಗಿಲ್ಲ ಎಂದು ಪಕ್ಕದ ಮನೆಯವರು ಹೇಳಿದರು.

ಜೊತೆಗಿರುವ ಐವರಿಗೂ ನನ್ನ ನೆನಪು ತಿಳಿಸು. ಅವರ ಮನೆಯವರಿಗೂ ಗಂಡಸರು ದಕ್ಷಿಣದ ದಿಬ್ಬದಲ್ಲಿದ್ದಾರೆ ಎಂದು ಹೇಳಿದವಳು ನಾನೇ, ಅದಕ್ಕೆ ಕ್ಷಮೆ ಕೇಳಿದೆನೆಂದೂ ಹೇಳು. ನಿನಗೆ ನೂರು ವರ್ಷ ಆಯಸ್ಸಾಗಲಿ. ಆ ನೂರು ವರ್ಷವೂ ನನ್ನ ಬೈಗುಳ ತಿನ್ನುವಂತಾಗಲಿ.

ಇಂತಿ,
ಟೀವಿಯಲ್ಲಿ ಹಡಗು ನೋಡುವ
ನಿನ್ನ ಅಕ್ಕ

ಮರೆತಿದ್ದೆ, ಕಾಗದ ಒಯ್ಯಲು ಬಂದರಿನಿಂದ ಆಳು ಬಂದು ಕಾದು ನಿಂತಿದ್ದಾನೆ, ಬೇಗ ಹೇಳುತ್ತೇನೆ. ಈ ಕಾಗದ ನಿನ್ನ ಕೈಗೆ ಕೊಟ್ಟವರು ಕಾವಲು ಹಡಗಿನ ಅಧಿಕಾರಿ. ನಿನ್ನ ಜಾಗವನ್ನು ಅಳತೆ ಸಮೇತ ಬರೆದು, ಕೆಳಗೆ ಸಹಿ ಹಾಕಿ ಅವರಿಗೆ ಕೊಟ್ಟವಳು ನಾನು. ದೋಣಿ ಜಪ್ತಿಯಾಗುತ್ತದೆ, ಪರವಾನಗಿಯೂ ಹೋಗುತ್ತದೆ. ಕೊಡುವ ಮೊದಲು ಅಮ್ಮನನ್ನು ಕೇಳಿದೆ. 'ದೋಣಿ ಹೋದ್ರೆ ಹೋಗ್ಲಿ, ಬರೆದು ಕೊಡೇ' ಅಂದಳು. ಅವರ ಹತ್ತಿರ ವಾದ ಮಾಡಬೇಡ, ಬಲೆ ಎತ್ತುತ್ತಾ ಕೂರಬೇಡ, ಕಡಿದು ಬಿಡು. ಗಾಳಿ ಏಳುವ ಮುಂಚೆ ಆರು ಜನವೂ ಅವರ ಹಡಗು ಹತ್ತಿ. ಅಪ್ಪನ ಹತ್ತಿರಕ್ಕೂ ಹೀಗೆ ಯಾರನ್ನಾದರೂ ಕಳಿಸಬಹುದಿತ್ತು, ಜಾಗ ಗೊತ್ತಿರಲಿಲ್ಲ.