ನಮ್ಮೆದುರು ತೆರೆಯಬೇಕಿದ್ದ ಉತ್ತರ

ಅಕ್ಟೋಬರ್ 14, ಸೋಮವಾರ

ಬೆಟ್ಟದ ಮೇಲಿನ ವಿಜ್ಞಾನಿಗಳು ಗುಟ್ಟಾಗಿಟ್ಟಿದ್ದ ತಮ್ಮ ಅಳತೆಯ ಉತ್ತರವನ್ನು ಮೊನ್ನೆ ಶನಿವಾರ ತೆರೆದುಬಿಟ್ಟರಂತೆ. ನಮ್ಮ ಟೌನ್ ಹಾಲಿನಲ್ಲಲ್ಲ — ಫೀನಿಕ್ಸ್ ನಗರದ ಹೋಟೆಲಿನಲ್ಲಿ, ದಾನಿಗಳ ಊಟದ ನಡುವೆ. ಕಾಫಿ ಕಾಯಿಸುತ್ತ ರೇಡಿಯೊದಲ್ಲಿ ಕೇಳಿದೆ. ಬೆಟ್ಟದ ದೂರದರ್ಶಕದ ಮುಖ್ಯಸ್ಥ ಲಿಂಡ್‌ಕ್ವಿಸ್ಟ್ ಮಾರ್ಚ್‌ನಲ್ಲಿ ನಮಗೆ ಮಾತು ಕೊಟ್ಟಿದ್ದರು: "ನಿಮ್ಮೂರಿನ ಕತ್ತಲಲ್ಲಿ ಮಾಡಿದ ಕೆಲಸ ಇದು. ನಿಮ್ಮ ಮುಂದೇನೇ ತೆರೀತೀವಿ."

ಕತ್ತಲು ಸುಮ್ಮನೆ ಬಂದದ್ದಲ್ಲ. ದೂರದರ್ಶಕಕ್ಕೆ ಊರಿನ ಬೆಳಕು ಅಡ್ಡಬಾರದೆಂದು 1986ರಲ್ಲಿ ಮನೆಮನೆಗೆ ಹೋಗಿ ಜಗಲಿ ದೀಪಗಳಿಗೆ ಮುಚ್ಚಳ ಹಾಕಿಸಿದವಳು ನಾನು.

ಅ. 15

ಮೊಳೆ ತರಲು ಡೆಲ್ಬರ್ಟ್ ಅಂಗಡಿಗೆ ಹೋದೆ. ನನ್ನ ಹಳೆಯ ವಿದ್ಯಾರ್ಥಿ. ಈಗ ಬೇಸ್‌ಬಾಲ್ ಕೋಚ್.

"ಏನ್ ಟೀಚರ್, ನಿಮ್ಮ ವಿಜ್ಞಾನಿಗಳು ಊಟಕ್ಕೆ ಕರೀಲಿಲ್ವಾ?"

"ಬಾಯ್ಮುಚ್ಚಿ ಮೊಳೆ ಕೊಡೋ."

"ಮುಂದಿನ ತಿಂಗಳು ಬೇಸ್‌ಬಾಲ್ ಮೈದಾನಕ್ಕೆ ದೊಡ್ಡ ದೀಪ ಹಾಕ್ಸೋದಾ ಬೇಡ್ವಾ ಅಂತ ಊರಿನ ವೋಟು. ಯಾವ ಮುಖ ಇಟ್ಕೊಂಡು ಬೇಡ ಅನ್ನಿ ಅಂತ ಕೇಳ್ತೀರಿ? ಅಲ್ಲ, ಎಲ್ಲಿ ತೆರೆದ್ರೇನು, ಉತ್ತರ ಒಂದೇ ತಾನೇ?"

ಒಂದೇ ಅಲ್ಲ ಅಂತ ಅವನಿಗೆ ವಿವರಿಸಿದೆ. ಗೆಲಕ್ಸಿಗಳು ಆಕಾಶದಲ್ಲಿ ಗುಂಪುಗೂಡಿವೆ. ಅವುಗಳ ನಡುವೆ ಹೆಚ್ಚಾಗಿ ಕಾಣುವ ಒಂದು ಅಂತರವಿದೆ. ಅದು ಕಾಲಕಾಲಕ್ಕೆ ಎಷ್ಟು ಹಿಗ್ಗಿತೆಂದು ಅಳೆದರೆ, ಜಗತ್ತನ್ನು ಹಿಗ್ಗಿಸುವ ಕಾಣದ ಶಕ್ತಿ ಹಾಗೇ ಇದೆಯೋ ಸೊರಗುತ್ತಿದೆಯೋ ತಿಳಿಯುತ್ತದೆ. ಆದರೆ ಆಸೆಪಟ್ಟ ಉತ್ತರ ಕಂಡರೆ ಯಾರೂ ತಪ್ಪು ಹುಡುಕುವುದಿಲ್ಲ. ಅದಕ್ಕೇ ವಿಜ್ಞಾನಿಗಳು ಅಳತೆಗೆ ಗುಟ್ಟಿನ ಸಂಖ್ಯೆಯೊಂದನ್ನು ಬೆರೆಸಿ ತಮ್ಮ ಕಣ್ಣು ತಾವೇ ಕಟ್ಟಿಕೊಂಡಿದ್ದರು. ಲೆಕ್ಕದ ವಿಧಾನ ಪೂರ್ತಿ ನಿಶ್ಚಯವಾದ ಮೇಲಷ್ಟೇ ಆ ಕಟ್ಟು ಬಿಚ್ಚಿ ಉತ್ತರ ನೋಡಬೇಕು; ದಾನಿಗಳ ಊಟದ ದಿನ ನೋಡಿ ಬಿಚ್ಚುವುದಲ್ಲ.

ಡೆಲ್ಬರ್ಟ್ ಪೂರ್ತಿ ಕೇಳಿದ. "ಓಹೋ. ಉತ್ತರ ನೋಡ್ಕೊಂಡು ಲೆಕ್ಕ ಮಾಡೋದು. ನಿಮ್ಮ ಕ್ಲಾಸಲ್ಲಿ ನಾನೂ ಮಾಡ್ತಿದ್ದೆ."

ಅ. 19

ಲಿಂಡ್‌ಕ್ವಿಸ್ಟ್ ತಾವೇ ಫೋನ್ ಮಾಡಿದರು. ಒಳ್ಳೆಯ ಮನುಷ್ಯ, ಇಲ್ಲವೆನ್ನಲಾರೆ.

"ಬೇಜಾರು ಮಾಡ್ಕೋಬೇಡಿ ಮಿಸ್ ಹ್ಯಾಡ್ಲಿ. ದಾನಿಗಳು ಅವಸರ ಮಾಡಿದ್ರು."

"ವಿಧಾನ ನಿಶ್ಚಯ ಆಗಿತ್ತಾ?"

"ಹೆಚ್ಚುಕಡಿಮೆ."

"ಹೆಚ್ಚೋ, ಕಡಿಮೆಯೋ?"

"ಒಂದಿಷ್ಟು ಮಂಕು ಗೆಲಕ್ಸಿಗಳನ್ನ ಲೆಕ್ಕದಿಂದ ಬಿಡೋದಾ, ಇಟ್ಕೊಳ್ಳೋದಾ… ಅದೊಂದು ಚರ್ಚೆ ಬಾಕಿ ಇತ್ತು."

ಅದೊಂದು! ಉತ್ತರ ಬದಲಾಗಲು ಅದೊಂದೇ ಸಾಕು.

ನವೆಂಬರ್ 6

ನಾಳೆ ದೀಪದ ವೋಟಿಗೆ ಮುಂಚಿನ ಊರಸಭೆ. ಲಿಂಡ್‌ಕ್ವಿಸ್ಟ್ ಅವರನ್ನು ಕರೆದಿದ್ದೆ, ಬರುತ್ತಾರಂತೆ. ಡೆಲ್ಬರ್ಟ್ ಮುಂದಿನ ಸಾಲಿನಲ್ಲಿ ಕುರ್ಚಿ ಹಿಡಿದಿಟ್ಟಿದ್ದಾನೆ — ನನಗಾಗಿಯಂತೆ.

ನನ್ನ ವೋಟು ಕತ್ತಲಿಗೇ. ಕತ್ತಲಿಗೆ ವೋಟು ಕೇಳಿಕೊಂಡು ಇನ್ನೊಬ್ಬರ ಬಾಗಿಲು ತಟ್ಟುವೆನೋ ಇಲ್ಲವೋ, ಅದು ನಾಳೆ ಲಿಂಡ್‌ಕ್ವಿಸ್ಟ್ ಆಡುವ ಮಾತಿನ ಮೇಲಿದೆ. ಕಾಣದ ಶಕ್ತಿ ಸೊರಗಲಿ, ಹಾಗೇ ಇರಲಿ; ಎರಡೂ ನನಗೆ ಸರಿಯೇ. ಅವರನ್ನು ಕೇಳುವುದು ಒಂದೇ: ಆ ಶನಿವಾರ ಉತ್ತರ ನೋಡಿದ ಮೇಲೆ ಆ ಮಂಕು ಗೆಲಕ್ಸಿಗಳನ್ನು ಬಿಟ್ಟಿರಾ, ಇಟ್ಟುಕೊಂಡಿರಾ? ಫೋನಿನಲ್ಲಿ ಬೇಡ. ಇಲ್ಲಿ, ಎಲ್ಲರೆದುರು ನಿಂತು ಹೇಳಿ.