ತಾಯಿಹಕ್ಕಿ ಏಳುವುದಿಲ್ಲ

ತಂಗಿ,

ನೀನು ಓದುವುದಿಲ್ಲ ಎಂಬ ಧೈರ್ಯದ ಮೇಲೆ ಬರೆಯುತ್ತಿದ್ದೇನೆ. ಓದಿದ್ದರೆ ನನ್ನ ಕಾಗುಣಿತ ನೋಡಿಯೇ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ.

ಇವತ್ತು ಅಂಗಡಿಯಲ್ಲಿ ನಿನ್ನ ಮಗಳು ಹೊಲಿಗೆ ಮಿಷನ್ ಪಕ್ಕ ಚೂರುಬಟ್ಟೆಯ ರಾಶಿ ಮೇಲೆ ಕೂತು, ನೀನು ಹೇಳುತ್ತಿದ್ದ ಹಕ್ಕಿ ಕಥೆ ಕೇಳಿದಳು. ಚಳಿಯಲ್ಲಿ ಮರಿಯನ್ನು ರೆಕ್ಕೆಯೊಳಗೆ ಮುಚ್ಚಿಕೊಂಡು ತಾಯಿಹಕ್ಕಿ ಸತ್ತುಹೋಗುವ ಕಥೆ. ನೀನು ಹೋದಮೇಲೆ ನಾನು ಆ ಹಕ್ಕಿಯನ್ನು ಒಮ್ಮೆಯೂ ಸಾಯಿಸಿಲ್ಲ. ಬೆಳಗ್ಗೆ ಎದ್ದು, ಆಕಳಿಸಿ, "ಕಾಫಿ ಎಲ್ಲಿ?" ಎಂದು ಕೇಳುವ ಹಾಗೆ ಮಾಡುತ್ತೇನೆ. ಇವತ್ತೂ ಹಾಗೇ ಮಾಡಿದೆ.

ಅವಳು ನಗಲಿಲ್ಲ. "ಅದು ಏಳಲ್ಲ ಮಾವ. ಅಮ್ಮ ಹೇಳಿದ್ದು ಹಾಗಲ್ಲ. ಸರಿಯಾಗಿ ಹೇಳು."

ಮಿಷನ್ ನಿಲ್ಲಿಸಿ, ಸರಿಯಾಗಿ ಹೇಳಿದೆ.

"ಆಮೇಲೆ ಮರಿ ಯಾರ ಹತ್ರ ಇತ್ತು?"

ಅದನ್ನು ನೀನು ಹೇಳಿಕೊಟ್ಟಿರಲಿಲ್ಲ. "ಅದಕ್ಕೊಬ್ಬ ಮಾವ ಇದ್ದ. ಮೂಗು ದೊಡ್ಡದು, ಹಾರೋಕೂ ನೆಟ್ಟಗೆ ಬರ್ತಿರ್ಲಿಲ್ಲ."

"ಕಥೆ ಬರ್ತಿತ್ತಾ?"

"ಒಂದೇ ಒಂದು. ಅದೂ ಅರ್ಧಂಬರ್ಧ."

"ಸಾಕು ಬಿಡು," ಎಂದು ತೊಡೆ ಹತ್ತಿ ಮಲಗಿಬಿಟ್ಟಳು.

ಇನ್ನೂ ಮಲಗಿದ್ದಾಳೆ. ಕಾಲು ಜೋಮು ಹಿಡಿದಿದೆ, ಆದರೂ ಅಲುಗಾಡಿಸಿಲ್ಲ. ಎದ್ದಮೇಲೆ ಮುಂದಿನದು ಕೇಳುತ್ತಾಳೆ. ಏನು ಹೇಳಲಿ ಅಂತ ನಿನ್ನನ್ನು ಕೇಳೋಣವೆಂದರೆ, ನೀನಿಲ್ಲ.